ಮಳೆಗಾಲಕ್ಕೊಂದು ಓದು, ಕೊಯ್ಲಿಗೊಂದು ಲೆಕ್ಕ: ಮಲೆನಾಡಿನ ಮನೆಯಲ್ಲಿ ಕ್ರೈಸ್ತ ಬದುಕನ್ನು ಕಟ್ಟಿಕೊಳ್ಳುವ ಬಗೆ

ಪ್ರತಿ ಬೇಸಿಗೆಯಲ್ಲಿ ಸುವಾರ್ತಾ ಕೂಟಗಳು ಮುಗಿದ ವಾರ ನಮ್ಮ ಸಭೆಯಲ್ಲಿ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ: "ಅಕ್ಕಾ, ನಾಳೆಯಿಂದ ನಾಲ್ಕು ಗಂಟೆಗೆ ಎದ್ದು ಒಂದು ತಾಸು ಪ್ರಾರ್ಥನೆ ಮಾಡ್ಬೇಕು ಅಂತ ತೀರ್ಮಾನ ಮಾಡಿದೀನಿ." ಮೂರನೇ ವಾರ ಆ ಮಾತು ತೆಗೆದರೆ ಅವರ ಮುಖ ಸಣ್ಣದಾಗುತ್ತದೆ. ನಿದ್ದೆ ಬಂತು, ಮಗುವಿಗೆ ಜ್ವರ ಬಂತು, ತೋಟಕ್ಕೆ ಔಷಧಿ ಹೊಡೆಯುವವರು ಬಂದರು. ಒಂದು ದಿನ ತಪ್ಪಿತು, ಮರುದಿನ ನಾಚಿಕೆಯಾಯಿತು, ಆಮೇಲೆ ಸತ್ಯವೇದ, ಅಂದರೆ ಬೈಬಲು, ಕಪಾಟು ಸೇರಿತು.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮನೆಯಲ್ಲಿ ಎರಡೆಕರೆ ಅಡಿಕೆ ತೋಟ, ಎರಡು ದನ, ವಯಸ್ಸಾದ ಅತ್ತೆ. ನಾನೂ ಹೀಗೆ ಹಲವು ಸಲ ಶುರುಮಾಡಿ ಬಿಟ್ಟವಳೇ. ನಮ್ಮ ಜನರಿಗೆ ದೇವರ ಮೇಲಿನ ಪ್ರೀತಿ ಕಡಿಮೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಬೇರೆ ಯಾರದೋ ಊರಿನ, ಬೇರೆ ಯಾರದೋ ಕೆಲಸದ ವೇಳಾಪಟ್ಟಿಯನ್ನು ತಂದು ನಮ್ಮ ಮನೆಗೆ ತಗುಲಿಸಿಕೊಳ್ಳುತ್ತೇವೆ, ಅದು ಕೂರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಅಕ್ಟೋಬರ್‌ನಿಂದ ಜನವರಿವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಆಮೇಲೆ ಬಿಸಿಲು, ನೆಂಟರು, ಮದುವೆ. ಈ ಮೂರು ಕಾಲಕ್ಕೂ ಒಂದೇ ಅಳತೆಯ ಶಿಸ್ತು ಹೊಂದುವುದಿಲ್ಲ. ಕಾಲಕ್ಕೆ ತಕ್ಕಂತೆ ಭಕ್ತಿಯನ್ನು ಹೊಂದಿಸಿಕೊಂಡ ಮೇಲೆ ನನ್ನದು ನಿಂತಿತು. ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪ್ರಾಟೆಸ್ಟಂಟ್ ಸಭೆಯಲ್ಲಿ ಬೆಳೆದವಳು. ಹಾಗಾಗಿ ಮಾತುಗಳು ಆ ಕಡೆಯವು. ಆದರೆ ಜಪಸರ ಹಿಡಿಯುವ ಕಥೋಲಿಕ ನೆರೆಯವರಿಗೂ, ಕೇರಳದಿಂದ ಬಂದು ನರಸಿಂಹರಾಜಪುರದ ಕಡೆ ನೆಲೆಸಿದ ಸಿರಿಯನ್ ಕ್ರೈಸ್ತ ಮನೆಗಳಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಮೊದಲು ಹೊತ್ತು, ಜಾಗ

ಒಂದು ತಾಸಿನಿಂದ ಶುರುಮಾಡಬೇಡಿ. ಹದಿನೈದು ನಿಮಿಷ ಸಾಕು. ಆದರೆ ಆ ಹದಿನೈದು ನಿಮಿಷ ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಇರಲಿ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಜಾಗಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು. ಅಷ್ಟು ಕೆಲಸದ ಮರುದಿನವೇ ಅವರು ಎದ್ದು ಹೋದದ್ದು.

ಹೊತ್ತು ಹುಡುಕುವ ಸುಲಭದ ದಾರಿ ಒಂದಿದೆ: ಈಗಾಗಲೇ ದಿನವೂ ತಪ್ಪದೆ ಮಾಡುವ ಕೆಲಸಕ್ಕೆ ಅದನ್ನು ಕಟ್ಟಿಬಿಡಿ. ನನ್ನದು ಬಚ್ಚಲ ಒಲೆ. ಬೆಳಗ್ಗೆ ಐದೂವರೆಗೆ ಹಂಡೆಗೆ ನೀರು ತುಂಬಿ, ಒಣ ಸೋಗೆ ತುರುಕಿ ಬೆಂಕಿ ಹಚ್ಚುತ್ತೇನೆ. ನೀರು ಕಾಯುವುದಕ್ಕೆ ಅರ್ಧ ತಾಸು ಬೇಕು. ಆ ಹೊತ್ತು ಮೊದಲು ಸುಮ್ಮನೆ ಹೋಗುತ್ತಿತ್ತು, ಇಲ್ಲವೇ ಫೋನಿಗೆ ಹೋಗುತ್ತಿತ್ತು. ಈಗ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂರುತ್ತೇನೆ. ಬೆಂಕಿಯ ಬೆಳಕು ಸಾಲದಿದ್ದರೆ ಟಾರ್ಚ್. ಹಂಡೆಯಿಂದ ಹಬೆ ಏಳುವ ಹೊತ್ತಿಗೆ ಓದು, ಪ್ರಾರ್ಥನೆ ಎರಡೂ ಮುಗಿದಿರುತ್ತವೆ. ಮನೆಯವರಿಗೂ ಗೊತ್ತು, ಆ ಹೊತ್ತು ಯಾರೂ ಕರೆಯುವುದಿಲ್ಲ. ಹಾಲು ಕರೆಯುವವರು ಡೇರಿಗೆ ಹೋಗುವ ಮೊದಲು ಕೂರಬಹುದು. ಶಿವಮೊಗ್ಗಕ್ಕೆ ದಿನವೂ ಹೋಗಿಬರುವವರು ಬಸ್ಸಿನಲ್ಲೋ ತಾಳಗುಪ್ಪದ ರೈಲಿನಲ್ಲೋ ಮೊದಲ ಕಾಲು ತಾಸನ್ನು ಇದಕ್ಕೆ ಇಟ್ಟುಕೊಳ್ಳಬಹುದು. ರಾತ್ರಿ ಪಾಳಿಯವರು ಮನೆಗೆ ಬಂದು ಮಲಗುವ ಮೊದಲು. ಯಾವ ಹೊತ್ತಾದರೂ ಆಗಲಿ, ಅದನ್ನು ವಾರ ವಾರ ಬದಲಾಯಿಸಬೇಡಿ.

ಫೋನಿನಲ್ಲಿ ಸತ್ಯವೇದ ಓದುವುದು ತಪ್ಪೇನಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಚಾರ್ಜ್ ಇರುವುದಿಲ್ಲ ಎನ್ನುವುದು ಒಂದು ತೊಂದರೆ. ಒಂದು ಮೆಸೇಜ್ ಬಂದರೆ ಕೀರ್ತನೆಯಿಂದ ನೇರ ವಾಟ್ಸಾಪ್‌ಗೆ ಹೋಗಿಬಿಡುತ್ತೇವೆ ಎನ್ನುವುದು ಅದಕ್ಕಿಂತ ದೊಡ್ಡ ತೊಂದರೆ. ಮುದ್ರಿತ ಪುಸ್ತಕವೇ ಇರಲಿ. ಅದಕ್ಕೆ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳಿ: ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಅಡುಗೆಮನೆಯ ಬೆಚ್ಚಗಿನ ಕಡೆ ಇಡಿ. ಆಷಾಢದಲ್ಲಿ ಎರಡು ಮಳೆ ಕಂಡ ಪುಸ್ತಕದ ಹಾಳೆ ಅಂಟಿಕೊಂಡರೆ ಬಿಡಿಸುವಾಗ ಹರಿಯುತ್ತದೆ. ನನ್ನ ಹಳೆಯ ಸತ್ಯವೇದದಲ್ಲಿ ಯೆರೆಮೀಯನ ನಾಲ್ಕು ಹಾಳೆ ಹೋದದ್ದು ಹಾಗೆಯೇ.

ಮಳೆಗಾಲ: ಓದುವ ಕಾಲ

ಮಲೆನಾಡಿನವರಿಗೆ ದೇವರು ಕೊಟ್ಟ ದೊಡ್ಡ ಅನುಕೂಲವೆಂದರೆ ಮಳೆಗಾಲ. ಹೊರಗೆ ಕಾಲಿಡಲಾಗದ ದಿನಗಳು ಬೇಕಾದಷ್ಟು ಇರುತ್ತವೆ. ಗಟ್ಟಿಯಾದ ಓದನ್ನು ಆ ನಾಲ್ಕು ತಿಂಗಳಿಗೆ ಇಟ್ಟುಕೊಳ್ಳಿ.

ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯಗಳಿವೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ. ಮೊದಲ ಪುಸ್ತಕವಾದ ಆದಿಕಾಂಡದಿಂದ ಹೊರಟವರು ಬಹುಪಾಲು ಮೂರನೆಯದಾದ ಯಾಜಕಕಾಂಡದ ಹೋಮಬಲಿಗಳ ನಡುವೆ ನಿಲ್ಲುತ್ತಾರೆ. ಮೊದಲ ಸಲದವರಿಗೆ ನಾನು ಕೊಡುವ ಮಳೆಗಾಲದ ಪಾಠ ಇಷ್ಟು. ಜೂನ್‌ನಲ್ಲಿ ಮಾರ್ಕ, 16 ಅಧ್ಯಾಯ. ದಿನಕ್ಕೆ ಅರ್ಧರ್ಧ ಅಧ್ಯಾಯ, ಎರಡು ದಿನ ಮಾತ್ರ ಪೂರ್ತಿ ಅಧ್ಯಾಯ. ಜುಲೈನಲ್ಲಿ ಜ್ಞಾನೋಕ್ತಿಗಳು, ಅದರಲ್ಲಿ 31 ಅಧ್ಯಾಯ, ಜುಲೈಗೂ 31 ದಿನ, ತಾರೀಕು ನೋಡಿ ಪುಟ ತೆಗೆದರಾಯಿತು. ಆಗಸ್ಟ್‌ನಲ್ಲಿ ಯೋಹಾನನ 21 ಅಧ್ಯಾಯ, ಅದು ಮುಗಿದ ಮೇಲೆ ಯಾಕೋಬನ ಪತ್ರಿಕೆ 5, ಫಿಲಿಪ್ಪಿ 4. ಸೆಪ್ಟೆಂಬರ್‌ನಲ್ಲಿ ಅಪೊಸ್ತಲರ ಕೃತ್ಯಗಳು, 28 ಅಧ್ಯಾಯ. ಅಷ್ಟು ಓದಿದವರಿಗೆ ಯೇಸು ಯಾರು, ಅವರನ್ನು ನಂಬಿದವರು ಹೇಗೆ ಬದುಕಿದರು ಎಂಬ ಎರಡು ಪ್ರಶ್ನೆಗೆ ಒಂದು ನೆಲೆ ಸಿಗುತ್ತದೆ. ಹಳೆ ಒಡಂಬಡಿಕೆಗೆ ಮುಂದಿನ ಮಳೆಗಾಲ ಇದ್ದೇ ಇದೆ.

ಗಟ್ಟಿಯಾಗಿ ಓದಿ. ತುಟಿ ಅಲ್ಲಾಡಿದರೆ ಮನಸ್ಸು ಕಡಿಮೆ ಅಲೆಯುತ್ತದೆ. ಓದಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಇಲ್ಲಿ ದೇವರು ಏನು ಮಾಡುತ್ತಿದ್ದಾರೆ? ಇಲ್ಲಿರುವ ಜನರಲ್ಲಿ ನಾನು ಯಾರ ಹಾಗಿದ್ದೇನೆ? ಇವತ್ತು ಸಂಜೆಯೊಳಗೆ ನಾನು ಮಾಡಬೇಕಾದ್ದೇನು?

ಒಂದು ಉದಾಹರಣೆ ಕೊಡುತ್ತೇನೆ. ಮಾರ್ಕ 4ರಲ್ಲಿ ತಾನಾಗಿ ಬೆಳೆಯುವ ಬೀಜದ ಸಾಮ್ಯವಿದೆ. ಒಬ್ಬ ಮನುಷ್ಯ ಬೀಜ ಹಾಕುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಗ್ಗೆ ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ಗೊತ್ತಿಲ್ಲ. ಐದಾರು ವರ್ಷ ಕಾಯದೆ ಅಡಿಕೆ ಸಸಿ ಹಿಂಗಾರ ತೋರಿಸುವುದಿಲ್ಲವೆಂದು ನಮಗೆ ಗೊತ್ತು. ಮೊದಲ ಪ್ರಶ್ನೆಗೆ ನನ್ನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೆ: "ಕಾಣದ ಹಾಗೆ ಬೆಳೆಸುತ್ತಿದ್ದಾರೆ." ಎರಡನೆಯದಕ್ಕೆ: "ನಾನು ದಿನಾ ಮಣ್ಣು ಕೆದಕಿ ಬೇರು ನೋಡುವವಳು." ಆಗ ದೊಡ್ಡ ಮಗ ಸಭೆಗೆ ಬರುವುದನ್ನು ಬಿಟ್ಟಿದ್ದ, ನಾನು ಊಟಕ್ಕೆ ಕೂತಾಗಲೆಲ್ಲ ಅದೇ ಮಾತು ತೆಗೆದು ಜಗಳಕ್ಕೆ ಬೀಳುತ್ತಿದ್ದೆ. ಮೂರನೆಯದಕ್ಕೆ ಬರೆದದ್ದು: "ಇವತ್ತು ಊಟದ ಹೊತ್ತು ಆ ಮಾತು ಬೇಡ. ಅವನಿಗಿಷ್ಟದ ಕಳಲೆ ಪಲ್ಯ ಮಾಡುವುದು." ಓದು ಅಡುಗೆಮನೆಯವರೆಗೆ ಬರುವುದು ಹೀಗೆ. ಮೂರನೆಯ ಸಾಲು ಇಷ್ಟು ಸಣ್ಣದಿರಲಿ. "ಇನ್ನು ಮೇಲೆ ಎಲ್ಲರನ್ನೂ ಪ್ರೀತಿಸುತ್ತೇನೆ" ಎಂದು ಬರೆದರೆ ಸಂಜೆ ನೋಡಿಕೊಳ್ಳಲು ಏನೂ ಇರುವುದಿಲ್ಲ.

ಹಳೆಯ ಭಾಷಾಂತರದ ಕೆಲವು ಮಾತು ಮಕ್ಕಳಿಗೆ ಬಿಡಿ, ನಮಗೇ ತಡೆಯುತ್ತವೆ. ಕನ್ನಡದಲ್ಲಿ ಇಡೀ ಬೈಬಲು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಬಂತು. ಆ ಬಳಿಕ ತಿದ್ದುಪಡಿಗಳೂ ಹೊಸ ಭಾಷಾಂತರಗಳೂ ಆಗಿವೆ. ಹಳೆಯದೊಂದು, ಈಗಿನ ಸರಳ ಕನ್ನಡದ್ದೊಂದು, ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ತಡೆದ ಮಾತು ಬಿಚ್ಚಿಕೊಳ್ಳುತ್ತದೆ. ಬಾಯಿಪಾಠಕ್ಕೆ ಮಾತ್ರ ಹಳೆಯದೇ ಚೆನ್ನ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬಲ್ಲಿನ ಆ ಕೊನೆಯ ಒಂದೇ ಮಾತು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಎಷ್ಟು ಧೈರ್ಯ ಕೊಡುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಪ್ರಾರ್ಥನೆಗೆ ಮಾತು ಸಿಗದಾಗ

ಹೆಚ್ಚಿನವರ ತೊಂದರೆ ಇದು: ಕಣ್ಣು ಮುಚ್ಚಿ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಪ್ರಾರ್ಥಿಸುವುದನ್ನು ಕಲಿಸು ಎಂದು ಶಿಷ್ಯರೂ ಯೇಸುವನ್ನು ಕೇಳಿದ್ದರು. ಕರ್ತನು ಕಲಿಸಿದ ಪ್ರಾರ್ಥನೆಯನ್ನೇ ಸಾಲು ಸಾಲಾಗಿ ಬಿಡಿಸಿಕೊಳ್ಳಿ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಹೇಳಿ ಒಂದು ಕ್ಷಣ ನಿಲ್ಲಿ. "ನನ್ನ" ಎಂದಿಲ್ಲ, "ನಮ್ಮ" ಎಂದಿದೆ. ಆ "ನಮ್ಮ"ದೊಳಗೆ ನಿಮ್ಮೊಡನೆ ಮಾತು ಬಿಟ್ಟವರೂ ಇದ್ದಾರೆ. "ನಿನ್ನ ರಾಜ್ಯವು ಬರಲಿ" ಎಂಬಲ್ಲಿ ಊರಿನ ಕಷ್ಟಗಳನ್ನು ಹೆಸರು ಹೇಳಿ ತನ್ನಿ: ಕೊಳೆ ರೋಗದಲ್ಲಿ ಬೆಳೆ ಕಳಕೊಂಡ ಮನೆ, ಕುಡಿತಕ್ಕೆ ಬಿದ್ದ ಹುಡುಗ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಹುಡುಗಿ. "ಅನುದಿನದ ಆಹಾರ" ಎಂಬಲ್ಲಿ ಇವತ್ತಿನ ಅಗತ್ಯ ಮಾತ್ರ ಕೇಳಿ, ಮುಂದಿನ ವರ್ಷದ್ದು ಬೇಡ. "ನಾವು ಕ್ಷಮಿಸಿದಂತೆ" ಎಂಬಲ್ಲಿ ತಡೆದರೆ ತಡೆಯಲಿ. ಆ ಸಾಲನ್ನು ಹಾರಿಸಬೇಡಿ. ಯಾರ ಮುಖ ಕಣ್ಣೆದುರು ಬಂತೋ ಅವರ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ.

ಹೆಸರುಗಳನ್ನು ವಾರಕ್ಕೆ ಹಂಚಿಕೊಳ್ಳುವುದೂ ಒಳ್ಳೆಯದು. ನನ್ನ ಸೋಮವಾರ ಸಂಡೇ ಸ್ಕೂಲ್ ಮಕ್ಕಳದು, ಮಂಗಳವಾರ ತವರಿನದು, ಬುಧವಾರ ಸಭಾಪಾಲಕರದು ಮತ್ತು ರೋಗಿಗಳದು, ಗುರುವಾರ ತೋಟಕ್ಕೆ ಬರುವವರದು. ಹೀಗಿದ್ದರೆ "ನಿಮಗೋಸ್ಕರ ಪ್ರಾರ್ಥಿಸುತ್ತೇನೆ" ಎಂದು ಹೇಳಿ ಮರೆಯುವ ಪಾಪದಿಂದ ತಪ್ಪಿಸಿಕೊಳ್ಳಬಹುದು.

ರಾತ್ರಿಯ ಕುಟುಂಬ ಪ್ರಾರ್ಥನೆಯ ಬಗ್ಗೆ ಒಂದೇ ಮಾತು: ಹತ್ತು ನಿಮಿಷ ದಾಟಬಾರದು. ಒಂದು ಸಂಗೀತ, ಮಕ್ಕಳು ಸರದಿಯಲ್ಲಿ ಓದುವ ನಾಲ್ಕು ವಚನ, ಒಂದು ಪ್ರಾರ್ಥನೆ. ಉದ್ದವಾದರೆ ಮಕ್ಕಳು ದೇವರನ್ನು ಆಕಳಿಕೆಯ ಜೊತೆ ನೆನಪಿಟ್ಟುಕೊಳ್ಳುತ್ತಾರೆ. ಅಪ್ಪ ಅಮ್ಮ ಜಗಳವಾಡಿದ ದಿನ ಮಕ್ಕಳೆದುರೇ ಒಬ್ಬರನ್ನೊಬ್ಬರು ಕ್ಷಮೆ ಕೇಳಿ ಪ್ರಾರ್ಥನೆಗೆ ಕೂತರೆ, ಅದಕ್ಕಿಂತ ದೊಡ್ಡ ಪಾಠವನ್ನು ನಾನು ಸಂಡೇ ಸ್ಕೂಲಿನಲ್ಲಿ ಹೇಳಿಕೊಡಲಾರೆ.

ಕೊಯ್ಲಿನ ಕಾಲ: ಸಂಜೆಯ ಲೆಕ್ಕ

ಕೊಯ್ಲು ಶುರುವಾದ ಮೇಲೆ ಉದ್ದನೆಯ ಓದು ನಡೆಯುವುದಿಲ್ಲ. ಅಡಿಕೆ ಕೊನೆ ಇಳಿಸುವವರು ಬೆಳಗ್ಗೆ ಬರುತ್ತಾರೆ, ರಾತ್ರಿ ಹತ್ತರವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದು, ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಆಗ ಒಂದು ಕೀರ್ತನೆ ಸಾಕು. ಆದರೆ ಈ ಕಾಲದಲ್ಲಿ ಬೇರೊಂದು ಶಿಸ್ತನ್ನು ಬಿಗಿಯಾಗಿ ಹಿಡಿಯಬೇಕು. ಮಲಗುವ ಮೊದಲು ಐದು ನಿಮಿಷ ಇಡೀ ದಿನವನ್ನು ದೇವರ ಮುಂದೆ ಹರಡಿ ನೋಡುವುದು. ಎಲ್ಲಿ ದಯೆ ಸಿಕ್ಕಿತು, ಎಲ್ಲಿ ನಾನು ತಪ್ಪಿದೆ, ನಾಳೆ ಯಾರಿಗೆ ಏನು ಸರಿಮಾಡಬೇಕು.

ಇದನ್ನು ನಾನು ಕಲಿತದ್ದು ಹೀಗೆ. ಕೆಲವು ವರ್ಷದ ಹಿಂದೆ, ನವೆಂಬರಿನ ಒಂದು ರಾತ್ರಿ. ಸುಲಿಯಲು ಬರುತ್ತಿದ್ದ ಅಮ್ಮ ಒಬ್ಬರು ಎಂದಿನಂತೆ ಎಷ್ಟು ಡಬ್ಬ ಅಡಿಕೆ ಸುಲಿದೆನೆಂದು ಲೆಕ್ಕ ಹೇಳಿ ನಿಂತರು. ನನ್ನ ಹತ್ತಿರ ದುಡ್ಡಿತ್ತು. ಕಪಾಟಿನೊಳಗಿತ್ತು, ನೋಟು ಬಿಡಿಸಬೇಕಿತ್ತು, ನನಗೆ ಸೊಂಟ ನೋಯುತ್ತಿತ್ತು. "ನಾಳೆ ಒಟ್ಟಿಗೆ ತಗೊಳ್ಳಿ ಅಮ್ಮಾ" ಎಂದೆ. ಅವರು ಏನೂ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡರು. ಅಡಿಕೆಯ ಚೊಗರಿಗೆ ಅವರ ಬೆರಳೆಲ್ಲ ಕಪ್ಪಾಗಿದ್ದವು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಟಾರ್ಚ್ ಹಾಕಿಕೊಂಡು ಹೋದರು. ನಾನು ಒಳಗೆ ಬಂದು ಪ್ರಾರ್ಥನೆ ಮಾಡಿ ಮಲಗಿದೆ.

ಮರುದಿನ ಒಲೆಯ ಮುಂದೆ ನನ್ನ ಪಾಲಿಗೆ ಬಂದದ್ದು ಯಾಜಕಕಾಂಡ 19. ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬಾರದು ಎಂದು 13ನೆಯ ವಚನ ಹೇಳುತ್ತದೆ. ಧರ್ಮೋಪದೇಶಕಾಂಡ 24 ಇನ್ನೂ ಮುಂದೆ ಹೋಗಿ, ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ, ಅವನು ನಿನ್ನ ವಿಷಯವಾಗಿ ದೇವರಿಗೆ ಮೊರೆಯಿಟ್ಟಾನು ಎನ್ನುತ್ತದೆ. ನಾನು ಪ್ರಾರ್ಥಿಸಿ ಮಲಗಿದ ರಾತ್ರಿ ಆ ಅಮ್ಮ ಯಾರಿಗೆ ಮೊರೆಯಿಟ್ಟರೋ. ಓದು ಮುಗಿಸದೆ ಎದ್ದೆ. ದುಡ್ಡು ತೆಗೆದುಕೊಂಡು ಅವರ ಮನೆಗೆ ಹೋದೆ. ಮೊಮ್ಮಗನಿಗೆ ರಾತ್ರಿಯಿಡೀ ಜ್ವರ, ಬೆಳಗಿನ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಬೇಕಿತ್ತು, ಬಸ್ ಚಾರ್ಜಿಗೆ ಪಕ್ಕದ ಮನೆಯಲ್ಲಿ ಕೇಳುತ್ತಿದ್ದರು. ಅವರ ಕಾಲು ಹಿಡಿದು ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಅಮ್ಮಾ, ನೀವೇನು ಕೊಡದೆ ಇರ್ತೀರಾ" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳಿವೆ. ನೀವೂ ಮಾಡಿಕೊಳ್ಳಿ. ಕೊಯ್ಲಿನ ವಾರ ಶುರುವಾಗುವ ಮೊದಲೇ ಬ್ಯಾಂಕಿನಿಂದ ಚಿಲ್ಲರೆ ನೋಟು ತಂದಿಡುವುದು. ಸಂಜೆ ಕೂಲಿ ಕೊಟ್ಟ ಮೇಲೆಯೇ ನಮ್ಮ ಊಟ. ಡಬ್ಬ ಅಳೆಯುವಾಗ ಸುಲಿದವರೇ ಅಳೆಯಲಿ, ನಾವು ನೋಡಿಕೊಂಡಿರುವುದು. ಮಧ್ಯಾಹ್ನದ ಚಹಾ ಎಲ್ಲರಿಗೂ ಒಂದೇ ಪಾತ್ರೆಯದು, ಒಂದೇ ಬಗೆಯ ಲೋಟದಲ್ಲಿ. ಕೊನೆಯದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಲೋಟದಲ್ಲಿ ಭೇದ ಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಕ್ರೈಸ್ತ ಮನೆಗಳಲ್ಲೂ ಇವೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದು ಬಂದ ಬಾಯಿ ಅಂಗಳದಲ್ಲಿ ಎರಡು ಲೋಟ ಇಡಿಸುವುದಾದರೆ, ಆ ಮನೆಯಲ್ಲಿ ಉಪವಾಸ, ಪ್ರಾರ್ಥನೆ ಎಷ್ಟಿದ್ದರೂ ನನಗೆ ಸಮಾಧಾನವಿಲ್ಲ.

ಪೇಟೆಯಲ್ಲಿ ಅಂಗಡಿ, ಕಚೇರಿ ಇರುವವರಿಗೂ ಇದೇ ಲೆಕ್ಕ. ತೂಕ ಸರಿಯಿತ್ತೇ, ಬಿಲ್ ಸರಿಯಿತ್ತೇ, ಗುಮಾಸ್ತನ ಮೇಲೆ ರೇಗಿದ್ದು ಅವನ ತಪ್ಪಿಗೋ ನಮ್ಮ ಸುಸ್ತಿಗೋ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ ಲೆಕ್ಕದ ಪುಸ್ತಕ ತೆಗೆದ. ಅನ್ಯಾಯವಾಗಿ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ.

ದುಡ್ಡು ಬಂದಾಗ

ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವುದು, ಸಂಬಳದವರಿಗೆ ಸುಲಭ. ವರ್ಷಕ್ಕೊಮ್ಮೆ ಮಂಡಿಯಲ್ಲಿ ಅಡಿಕೆ ಬಿಟ್ಟು ದುಡ್ಡು ಕಾಣುವ ನಮಗೆ ಗೊಂದಲ. ನಾನು ಮಾಡುವುದು ಹೀಗೆ. ಮೂರು ಲಕ್ಷ ಬಂತೆನ್ನಿ. ಕೂಲಿ, ಗೊಬ್ಬರ, ಮೈಲುತುತ್ತ, ಸುಣ್ಣ ಎಲ್ಲ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರ ಖರ್ಚು. ಉಳಿದದ್ದು ಒಂದು ಲಕ್ಷ ಎಂಬತ್ತು ಸಾವಿರ. ಹತ್ತರಲ್ಲೊಂದು ಪಾಲು ಹದಿನೆಂಟು ಸಾವಿರ. ಅದನ್ನು ಅವತ್ತೇ ಬೇರೆ ಖಾತೆಗೆ ಹಾಕಿ, ತಿಂಗಳಿಗೆ ಸಾವಿರದ ಐನೂರರಂತೆ ಕೊಡುತ್ತಾ ಬರುತ್ತೇನೆ. ಸಭೆಗೆ ಒಂದು ಭಾಗ, ಕಷ್ಟದಲ್ಲಿರುವವರಿಗೆ ಒಂದು ಭಾಗ. ಒಟ್ಟು ಮೊತ್ತದ ಮೇಲೆಯೇ ಕೊಡಬೇಕೆನ್ನುವವರೂ ಇದ್ದಾರೆ, ಅವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಕೂಲಿ ಬಾಕಿ ಇಟ್ಟುಕೊಂಡು ಕಾಣಿಕೆ ಡಬ್ಬಿಗೆ ಹಾಕುವ ದುಡ್ಡು ನಮ್ಮದಲ್ಲ, ಕೂಲಿಯವರದು.

ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲೂ ಹಾಗೆಯೇ. ಬಾಳೆಗೊನೆಗೆ, ಹುಂಜಕ್ಕೆ ಪೈಪೋಟಿಯಲ್ಲಿ ಕೂಗುವುದು ಸಂತೋಷದ ಸಂಗತಿ, ಸಾಲ ಮಾಡಿ ಕೂಗಬೇಡಿ. ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾರೆಂದು ಕೊರಿಂಥದವರಿಗೆ ಪೌಲನು ಬರೆದದ್ದು. ಪಕ್ಕದವರು ನೋಡಲಿ ಎಂದು ಕೊಟ್ಟವರ ಮನೆಯಲ್ಲಿ ಆ ಸಂತೋಷ ಸೋಮವಾರದವರೆಗೂ ಉಳಿಯುವುದಿಲ್ಲ.

ಕೈಯಲ್ಲಿ ಏನೂ ಇಲ್ಲದವರಿಗೆ ಹಿಡಿ ಅಕ್ಕಿ ಇದೆ. ಅನ್ನಕ್ಕಿಡುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ತಿಂಗಳ ಕೊನೆಗೆ ಅದು ಒಂದು ಮನೆಗೆ ನಾಲ್ಕು ದಿನದ ಊಟ.

ಬೇಸಿಗೆಯ ಉಪವಾಸ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲ ನಮಗೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಬರುತ್ತದೆ. ಬೂದಿ ಬುಧವಾರದಿಂದ ಈಸ್ಟರ್‌ಗೆ 46 ದಿನ, ಆರು ಭಾನುವಾರ ಕಳೆದರೆ 40. ಅಡಿಕೆ ಮಾರಿದ ದುಡ್ಡು ಕೈಯಲ್ಲಿರುವ ಕಾಲವೂ ಅದೇ. ಹಾಗಾಗಿ ಊಟದ ಉಪವಾಸದಷ್ಟೇ ಖರ್ಚಿನ ಉಪವಾಸವೂ ನಮಗೆ ಬೇಕು. ಶುಕ್ರವಾರ ಮಧ್ಯಾಹ್ನದ ಊಟ ಬಿಡಿ, ಆ ಹೊತ್ತನ್ನು ಪ್ರಾರ್ಥನೆಗೆ ಕೊಡಿ, ಉಳಿದ ಊಟದ ಬೆಲೆಯನ್ನು ಪಕ್ಕಕ್ಕಿಡಿ. ನೀರು ಬಿಡಬೇಡಿ. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು, ಮಾತ್ರೆ ತೆಗೆದುಕೊಳ್ಳುವ ಹಿರಿಯರು ಊಟ ಬಿಡಲೇಬಾರದು. ಅವರು ಮೀನು, ಕಾಫಿ, ಟಿವಿ, ಹೀಗೆ ತಮಗೆ ಪ್ರಿಯವಾದ ಒಂದನ್ನು ಬಿಡಲಿ. ಬಿಸಿಲಲ್ಲಿ ಮೈಮುರಿದು ದುಡಿಯುವವರಿಗೂ ಇದೇ ಮಾತು.

ಉಪವಾಸ ಹಿಡಿಯುವ ಮೊದಲು ಯೆಶಾಯ 58 ಓದಿ. ಉಪವಾಸದ ದಿನವೇ ಆಳುಗಳಿಂದ ಬಿಗಿಯಾಗಿ ಕೆಲಸ ತೆಗೆಸಿದವರ ಬಗ್ಗೆ ದೇವರು ಅಲ್ಲಿ ಎಷ್ಟು ಖಾರವಾಗಿ ಮಾತಾಡುತ್ತಾರೆ! ನೊಗ ಮುರಿಯುವುದು, ಹಸಿದವನಿಗೆ ಅನ್ನ ಹಂಚುವುದು, ಮನೆಯಿಲ್ಲದವನನ್ನು ಮನೆಗೆ ಕರೆಯುವುದು, ತಮಗೆ ಬೇಕಾದ ಉಪವಾಸ ಇದು ಎನ್ನುತ್ತಾರೆ.

ಭಾನುವಾರ ಮತ್ತು ನೆರೆಹೊರೆ

ಭಾನುವಾರದ ಆರಾಧನೆ ತಪ್ಪಿಸಬೇಡಿ ಎಂದು ಹೇಳಬೇಕಾಗಿಲ್ಲ. ಹೇಗೆ ಹೋಗಬೇಕೆಂದು ಮಾತ್ರ ಹೇಳುತ್ತೇನೆ. ಶನಿವಾರ ರಾತ್ರಿಯೇ ಬಟ್ಟೆ, ಕಾಣಿಕೆ ಎತ್ತಿಡಿ. ಕರ್ತನ ಭೋಜನವಿರುವ ವಾರ ನೋಟ್‌ಬುಕ್ಕಿನ ಕೊನೆಯ ಹಾಳೆಯ ಹೆಸರುಗಳನ್ನು ನೋಡಿ. ಯಜ್ಞವೇದಿಯ ಹತ್ತಿರ ಕಾಣಿಕೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಮತ್ತಾಯ 5ರಲ್ಲಿದೆ. ಒಂದು ಫೋನ್ ಮಾಡುವುದು ಶನಿವಾರವೇ ಆಗಲಿ. ಪ್ರಸಂಗ ಹಿಡಿಸಲಿಲ್ಲವೆಂದು ತಿಂಗಳಿಗೊಂದು ಸಭೆ ಬದಲಾಯಿಸುವವರು ಎಲ್ಲೂ ಬೇರು ಬಿಡುವುದಿಲ್ಲ. ಅಡಿಕೆ ಸಸಿಯನ್ನೂ ಪದೇಪದೇ ಕಿತ್ತು ನೆಡುವುದಿಲ್ಲ.

ನೆರೆಯವರ ವಿಷಯ ಇನ್ನೂ ದೊಡ್ಡದು. ನಮ್ಮ ಬೇಲಿಯ ಆಚೆ ಇರುವವರು ಭೂಮಿ ಹುಣ್ಣಿಮೆ ಮಾಡುವವರು, ರಂಜಾನ್ ಮಾಡುವವರು. ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಕಲ್‌ಕಲ್, ರೋಸ್ ಕುಕ್ಕಿ ತಟ್ಟೆ ಎಲ್ಲ ಮನೆಗೂ ಹೋಗುತ್ತದೆ, ಅವರ ಮನೆಯ ಕಡುಬು, ಸುರ್‌ಕುಂಬಾ ನಮಗೆ ಬರುತ್ತದೆ. ಪೂಜೆಯಲ್ಲಿಟ್ಟದ್ದನ್ನು ತಿನ್ನುವ ವಿಷಯದಲ್ಲಿ ನಮ್ಮೊಳಗೇ ಬೇರೆಬೇರೆ ಮನಸ್ಸಾಕ್ಷಿಗಳಿವೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8ನೆಯ ಮತ್ತು 10ನೆಯ ಅಧ್ಯಾಯ ಓದಿ ನಿಮ್ಮ ಮನೆಯಲ್ಲಿ ತೀರ್ಮಾನ ಮಾಡಿಕೊಳ್ಳಿ. ತೀರ್ಮಾನ ಯಾವುದೇ ಇರಲಿ, ಕೊಟ್ಟವರ ಮುಖ ಬಾಡುವ ಹಾಗೆ ಮಾತಾಡಬೇಡಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಎಂದು ಪೇತ್ರನು ಬರೆದಿದ್ದಾನೆ. ಕೇಳಿದವರಿಗೆ ಎನ್ನುವುದನ್ನು ಗಮನಿಸಿ. ಅವರು ಕೇಳುವಂಥ ಬದುಕು ನಮ್ಮದಾಗಿದ್ದರೆ ಹೇಳುವ ಸಮಯ ತಾನಾಗಿ ಬರುತ್ತದೆ.

ಒಣಗಿದ ದಿನಗಳು

ಬರುತ್ತವೆ. ಓದಿದ್ದು ಒಳಗಿಳಿಯುವುದಿಲ್ಲ, ಪ್ರಾರ್ಥನೆ ಹೆಂಚು ದಾಟುವುದಿಲ್ಲ. ಆಗ ಹೊತ್ತು, ಜಾಗ ಬಿಡಬೇಡಿ. ಹೋಗಿ ಕೂರಿ. ಸ್ವಂತ ಮಾತು ಇಲ್ಲದಿದ್ದರೆ ಕೀರ್ತನೆ 13 ಓದಿ, ಇನ್ನೂ ಕತ್ತಲಿದ್ದರೆ 88. ಅದು ಕತ್ತಲಲ್ಲೇ ಮುಗಿಯುವ ಕೀರ್ತನೆ, ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಮೂರು ದಿನ ತಪ್ಪಿದರೆ ಮೂರು ದಿನದ್ದನ್ನು ಒಟ್ಟಿಗೆ ಓದಿ ಸಾಲ ತೀರಿಸಲು ಹೋಗಬೇಡಿ. ಇವತ್ತಿನದನ್ನು ಓದಿ.

ನಿದ್ದೆಯೇ ಬಾರದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವಷ್ಟು ಆದರೆ ಅದನ್ನು ನಂಬಿಕೆಯ ಕೊರತೆಯೆಂದು ಮುಚ್ಚಿಡಬೇಡಿ. ಡಾಕ್ಟರ ಹತ್ತಿರ ಹೋಗಿ. ಪ್ರಾಣಭಯದಿಂದ ಅಡವಿಗೆ ಓಡಿದ್ದ ಪ್ರವಾದಿ ಎಲೀಯನು ಸಾಯಬೇಕೆಂದು ಕೇಳಿಕೊಂಡಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು, ನಿದ್ದೆ. ಉಪದೇಶ ಆಮೇಲೆ.

ನಿಮ್ಮ ಕೆಲಸ ಯಾವುದು

"ದೇವರು ನನ್ನನ್ನು ಯಾವುದಕ್ಕೆ ಕರೆದಿದ್ದಾರೆ ಅಂತ ಗೊತ್ತಾಗ್ತಿಲ್ಲ" ಎಂದು ಯುವಕರು ಕೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ: ಒಂದು ಸಣ್ಣ ಸೇವೆಯನ್ನು ಆರಿಸಿಕೊಂಡು ಒಂದು ವರ್ಷ ಬಿಡದೆ ಮಾಡಿ ನೋಡಿ. ಸಭೆಯ ಜಗಲಿ ಗುಡಿಸುವುದು, ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಆಸ್ಪತ್ರೆಗೆ ಹೋಗುವವರ ಜೊತೆ ಹೋಗುವುದು. ವೇದಿಕೆ ಇರುವ ಕೆಲಸ ಮೊದಲೇ ಬೇಡ. ವರ್ಷದ ಕೊನೆಗೆ ನಿಮ್ಮ ಕೈ ಎಲ್ಲಿ ಒಗ್ಗಿತು, ಯಾರು ನಿಮ್ಮನ್ನು ಕಾಯುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ನನಗೆ ಸಿಕ್ಕ ಕೆಲಸ ಗುರುವಾರ ಮಧ್ಯಾಹ್ನದ್ದು. ನಮ್ಮ ಸಭೆಯ ಹಿರಿಯರೊಬ್ಬರಿಗೆ ಎರಡು ಕಣ್ಣೂ ಹೋಗಿವೆ. ಊಟವಾದ ಮೇಲೆ ಅವರ ಮನೆಗೆ ಹೋಗಿ ವಾರಕ್ಕೊಂದು ಕೀರ್ತನೆ ಓದುತ್ತೇನೆ. ಕಳೆದ ವಾರ 37 ಓದಿದೆವು, ಉದ್ದದ್ದು, 40 ವಚನ. ನಾನು ಯೌವನಸ್ಥನಾಗಿದ್ದೆ, ಈಗ ಮುದುಕನಾಗಿದ್ದೇನೆ ಎಂದು ದಾವೀದ ಹೇಳುವಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. "ಇನ್ನೊಂದ್ಸಲ ಓದಮ್ಮಾ" ಎಂದರು. ಮೂರು ಸಲ ಓದಿದೆ. ಹೊರಗೆ ಮಳೆ ಜೋರಾಗಿ, ಹೆಂಚಿನ ಸದ್ದಿಗೆ ಕೊನೆಯ ಸಲ ಕೂಗಿ ಓದಬೇಕಾಯಿತು. ಈ ಗುರುವಾರ 38.